ಫೈಲ್ ಮುಚ್ಚುವ ಆತುರ

"ನನ್ನ ಕೆಲಸ ತೆಗೀಲಿಕ್ಕೆ ಕರೆದದ್ದಾ ನೀವು?"

ಚಾಟ್ಸ್‌ವುಡ್ ಆಫೀಸಿಗೆ ಬಂದ ಕೆಲ್ವಿನ್ ಆಡಿದ ಮೊದಲ ಮಾತೇ ಇದು!

"ಅಲ್ಲಾರೀ, ಕೆಲ್ಸಕ್ಕೆ ವಾಪಸ್ ಕಳ್ಸೋಕೆ," ಎಂದಳು ಸುಜಾತಾ.

ಪೆಟ್ಟಾದ ಕೆಲಸಗಾರರನ್ನು ಹುಷಾರಾಗಿ ಮತ್ತೆ ಕೆಲಸಕ್ಕೆ ಹಚ್ಚುವುದೇ ಮೈಸೂರಿನಿಂದ ಈ ಪರದೇಶಕ್ಕೆ ಬಂದ ಹುಡುಗಿಯ ಉದ್ಯೋಗ. ಮಂಗಳೂರಿನ ಕೆಲ್ವಿನ್ ಕೆಲ್ಲಿವಿಲ್‌ನ ಬೇಕರಿಯೊಂದರಲ್ಲಿ ಮೈದಾ ಮೂಟೆ ಎತ್ತುವಾಗ ಬಲಭುಜದ ಸ್ನಾಯು ಹರಿದುಕೊಂಡಿದ್ದ.

ಮೊದಲು ದಿನಕ್ಕೆ ನಾಲ್ಕು ಗಂಟೆ, ಬರೀ ಕೌಂಟರ್ ಕೆಲಸ. ಪ್ರತಿ ವಾರ ಅವಳು ಹೋಗಿ ನೋಡುತ್ತಿದ್ದಳು. ನೋಡಬೇಕಾದದ್ದು ಭುಜವನ್ನು... ನೋಡುತ್ತಿದ್ದದ್ದು ಅವನ ನಗುವನ್ನು! ಮನಸ್ಸು ಯಾರ ಮಾತು ಕೇಳುತ್ತದೆ ಹೇಳಿ?

"ಒಂದು ಕಾಫಿ ಕುಡಿಯುವಾ ಮಾರಾಯ್ರೆ?"

"ನಿಮ್ ಫೈಲ್ ನನ್ ಹತ್ರ ಇರೋವರ್ಗೂ ಆಗಲ್ಲ. ರೂಲ್ಸು."

"ಹಾಗಾದ್ರೆ ಬೇಗ ಕ್ಲೋಸ್ ಮಾಡುವ!"

ಮೂರನೇ ತಿಂಗಳು ಡಾಕ್ಟರು ನೋವಿದೆಯಾ ಎಂದು ಕೇಳಿದರು. ಚೂರೂ ಇಲ್ಲ ಎಂದ ಕೆಲ್ವಿನ್. ಹತ್ತು ಕಿಲೋ ಡಬ್ಬ ಎತ್ತುವಾಗ ಅವನು ಹಲ್ಲು ಕಚ್ಚಿದ್ದು ಡಾಕ್ಟರಿಗೆ ಕಾಣಲಿಲ್ಲ.

ಪಕ್ಕದಲ್ಲೇ ಇದ್ದ ಸುಜಾತಾಗೆ ಕಂಡಿತು... ಕಂಡೂ ಬಾಯಿ ಬಿಡಲಿಲ್ಲ.

'ಸ್ವಲ್ಪ ನೋವು ಯಾರಿಗಿರಲ್ಲ?' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಫೈಲ್ ಮುಚ್ಚಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಇಲ್ಲಿ ಆತುರಗಾರರು ಇಬ್ಬರು!

ಹಳೇ ಕೆಲಸಕ್ಕೆ ಮರಳಿದ ಆರನೇ ದಿನ ಕೆಲ್ವಿನ್ ಇಪ್ಪತ್ತೈದು ಕಿಲೋ ಮೂಟೆ ಎತ್ತಿದ. ಭುಜ ಮತ್ತೆ ಹರಿಯಿತು. ಆಪರೇಷನ್ ಆದರೂ ಕೈ ಎದೆಮಟ್ಟಕ್ಕಿಂತ ಮೇಲೇಳಲಿಲ್ಲ. ಇನ್ನು ಬೇಕರಿ ಕೆಲಸದ ಆಸೆ ಬಿಡಿ ಎಂದರು ಡಾಕ್ಟರು.

ಸುಜಾತಾ ತನ್ನ ಮ್ಯಾನೇಜರ್ ಮುಂದೆ ತಪ್ಪೊಪ್ಪಿಕೊಂಡಳು. ಮತ್ತೆ ತೆರೆದ ಕೆಲ್ವಿನ್ ಫೈಲ್ ಬೇರೆಯವರ ಕೈಗೆ ಹೋಯಿತು. ಅವನ ಫೋನನ್ನು ಮಾತ್ರ ಅವಳು ಎತ್ತಲೇ ಇಲ್ಲ. 'ಅಯ್ಯೋ, ಯಾವ ಮುಖ ಇಟ್ಕೊಂಡು ಮಾತಾಡ್ಲಿ?'

ನಾಲ್ಕು ತಿಂಗಳಾಯಿತು. ಈ ದೇಶದಲ್ಲಿ ಜುಲೈ ಅಂದರೆ ಚಳಿಗಾಲ. ಅಂಥ ಒಂದು ಸಂಜೆ ಅವಳು ಆಫೀಸಿನಿಂದ ಹೊರಬಂದರೆ, ಎದುರಿಗೇ ಕೆಲ್ವಿನ್!

"ಕೈ ಹೋಯ್ತು ಅಂತ ನನ್ನನ್ನೂ ಬಿಟ್ರಾ?"

"ಕೆಲ್ವಿನ್... ನಿಮ್ಗೆ ನೋವಿದೆ ಅಂತ ನಂಗೆ ಅವತ್ತೇ ಗೊತ್ತಾಗಿತ್ತು. ಹೇಳ್ಲಿಲ್ಲ!" ಬಿಕ್ಕಿದಳು.

ಅವನಿಗೆ ಸಿಟ್ಟು ಬಂತು. ಬರದೆ ಇರುತ್ತದೆಯೇ?

"ಎಂತಕ್ಕೆ ಹೇಳ್ಲಿಲ್ಲ?"

"ನಿಮ್ ಜೊತೆ ಇರ್ಬೇಕು ಅನ್ನೋ ಆಸೆ... ನಿಮ್ಮನ್ನ ಪ್ರೀತಿಸ್ತೀನಿ. ಪ್ರೀತಿಸಿಯೇ ನಿಮ್ ಕೈ ಹಾಳ್ಮಾಡ್ದೆ!"

"ನಾನು ಸುಳ್ಳು ಹೇಳಿದ್ದು ಮತ್ತೆಂತಕ್ಕೆ? ಅದೇ ಆಸೆಗೆ." ಅವನು ತನ್ನ ಬಲಗೈಯನ್ನೊಮ್ಮೆ ನೋಡಿಕೊಂಡ. "ಹಿಟ್ಟು ನಾದಿದ ಹಾಗೆ ಕನಸು ಬೀಳ್ತದೆ ಸುಜಾತಾ. ಎದ್ರೆ ಅಳು ಬರ್ತದೆ. ಸಿಟ್ಟೂ ಉಂಟು ನಿನ್ನ ಮೇಲೆ... ಆದ್ರೂ ನೀನು ಬೇಕು ನನಗೆ."

ಗಾಳಿ ಬೀಸಿತು. ಹೆಗಲ ಮೇಲಿದ್ದ ಜಾಕೆಟ್ ಹಾಕಿಕೊಳ್ಳಲು ಹೋದ ಕೆಲ್ವಿನ್. ಬಲಗೈ ಜಾಕೆಟ್ಟಿನ ತೋಳಿನೊಳಗೆ ನುಗ್ಗಲೇ ಇಲ್ಲ. ಅವಳು ಗಾಬರಿಯಿಂದ ಕೈ ಚಾಚಿದಳು.

"ಬೇಡ. ನಾನೇ ಹಾಕ್ತೇನೆ," ಎಂದ. "ಹೊತ್ತು ಹಿಡೀತದೆ."

"ಹಿಡೀಲಿ... ನಾನು ಇಲ್ಲೇ ನಿಂತಿರ್ತೀನಿ."