ಯಾರೂ ಕೇಳಿರದ ಹಾಡು

ಬಾಗಿಲು ತೆಗೆದಾಗ ಹುಡುಗಿ ನೆಲದ ಮೇಲೆ ಬಿದ್ದಿದ್ದಳು. ತಲೆಯ ಪಕ್ಕದಲ್ಲಿ ಆಂಪ್ಲಿಫೈಯರ್ ಪೆಟ್ಟಿಗೆ. ಅದರ ಕಬ್ಬಿಣದ ಮೂಲೆಯಲ್ಲಿ ರಕ್ತ ಒಣಗಿತ್ತು.

ಟೈರ್ ಅಂಗಡಿಯ ಕೆಳಗಿನ ನೆಲಮಾಳಿಗೆ ಅದು. ಸದ್ದು ಹೊರಗೆ ಹೋಗಬಾರದೆಂದು ಗೋಡೆಗೆಲ್ಲ ಹಳೆಯ ಹಾಸಿಗೆ ಜಡಿದಿದ್ದರು. ಮೇಲೆ ರಬ್ಬರಿನ ವಾಸನೆ, ಕೆಳಗೆ ಬೆವರಿನ ವಾಸನೆ. ಇಂಥ ಜಾಗದಲ್ಲೇ ಒಳ್ಳೆಯ ಸಂಗೀತ ಹುಟ್ಟುವುದೆಂದು ಈ ಮಂದಿ ನಂಬಿದ್ದಾರೆ. ವರದಿಗಾರ್ತಿ ಮೂಗು ಮುಚ್ಚಿಕೊಂಡೇ ಮೆಟ್ಟಿಲಿಳಿದಿದ್ದಳು. ಈಗ ಕೈ ತೆಗೆದಳು.

"ಗುಬ್ಬೀ!" ಬೀಗ ತೆಗೆದ ಅಣ್ಣ ಹೊಸ್ತಿಲಲ್ಲೇ ಕುಸಿದು ಕೂತ.

ವರದಿಗಾರ್ತಿ ಮಂಡಿಯೂರಿ ಹುಡುಗಿಯ ಕುತ್ತಿಗೆಗೆ ಬೆರಳಿಟ್ಟು ನೋಡಿದಳು. "ಜೀವ ಇದೆ. ಆಂಬುಲೆನ್ಸಿಗೆ ಫೋನ್ ಮಾಡು. ಆಮೇಲೆ ಅಳು."

ಹೆಣ, ರಕ್ತ, ಪೊಲೀಸು ಅವಳಿಗೆ ಹೊಸದಲ್ಲ. ಅರ್ಧ ಆಯಸ್ಸು ಅಪರಾಧ ಸುದ್ದಿ ಬರೆದವಳು. ಪತ್ರಿಕೆಯ ಮಾಲೀಕರ ಭಾವಮೈದುನನ ಗೋದಾಮಿನಲ್ಲಿ ಏನೇನಿದೆ ಎಂದು ಬರೆದ ತಪ್ಪಿಗೆ ಅವಳನ್ನು ಮನರಂಜನೆ ಪುಟಕ್ಕೆ ಎತ್ತಿ ಹಾಕಿದ್ದರು. ವಾರವಾರ ಊರಿನ ಹೊಸ ಇಂಡಿ ರಾಕ್ ಹಾಡುಗಳನ್ನು ಹುಡುಕಬೇಕು, ಮುಂದೆ ಯಾವ ಕಾನ್ಸರ್ಟ್ ಎಲ್ಲಿ ಎಂದು ತಿಳಿಸಬೇಕು. ದೊಡ್ಡ ಕಂಪನಿಗಳ ಹಂಗಿಲ್ಲದೆ ತಾವೇ ಹಾಡು ಕಟ್ಟಿ ತಾವೇ ಹಾಡುವವರು ಇಂಡಿಗಳಂತೆ. ಕೇಳುವವರೂ ಬಹುಪಾಲು ಅವರೇ ಎನ್ನುವುದು ಅವಳ ಅನುಭವ.

ಗುಬ್ಬಿ ಮತ್ತು ಅವಳಣ್ಣನದು ಇಬ್ಬರದೇ ಬ್ಯಾಂಡು. ತಂಗಿ ಗಿಟಾರು ಹಿಡಿದು ಹಾಡುತ್ತಾಳೆ, ಅಣ್ಣ ಡ್ರಮ್ ಬಾರಿಸುತ್ತಾನೆ. ಬರುವ ಶನಿವಾರ ಅವರ ಕಾನ್ಸರ್ಟ್ ಇತ್ತು. ಸಂದರ್ಶನಕ್ಕೆಂದು ಬಂದ ವರದಿಗಾರ್ತಿ ಬಾಗಿಲು ತಟ್ಟಿ ತಟ್ಟಿ ಸಾಕಾಗಿ, ಅಣ್ಣನಿಗೆ ಫೋನ್ ಮಾಡಿ ಕರೆಸಿದ್ದಳು.

ಮೇಜಿನ ಮೇಲೆ ಚಾರ್ಜರಿನ ವೈರು ನೇತಾಡುತ್ತಿತ್ತು. ಲ್ಯಾಪ್‌ಟಾಪ್ ಇರಲಿಲ್ಲ.

ಇನ್ಸ್‌ಪೆಕ್ಟರ್ ಬಂದರು. ಹಳೆಯ ಪರಿಚಯ. ಸುತ್ತ ಒಮ್ಮೆ ಕಣ್ಣಾಡಿಸಿ ತೀರ್ಮಾನಕ್ಕೆ ಬಂದುಬಿಟ್ಟರು.

"ಬಾಗಿಲು ಒಡೆದಿಲ್ಲ. ಬೀಗದಕೈ ಇರೋದು ಅಣ್ಣ ತಂಗಿ ಹತ್ರ ಮಾತ್ರ. ನಿನ್ನೆ ಸಂಜೆ ಇಬ್ರೂ ಮೆಟ್ಟಿಲ ಮೇಲೆ ಕಿತ್ತಾಡಿದ್ದನ್ನ ಟೈರಿನೋನು ನೋಡಿದ್ದಾನೆ. ಇನ್ನೇನು ಬೇಕು?"

"ಎಳ್ಕೊಂಡ್ರೆ ತಾನೇ ಬೀಗ ಬೀಳೋ ಬಾಗಿಲಿದು. ಅವಳೇ ಯಾರಿಗೋ ತೆಗೆದಿರ್ಬಹುದು."

"ಯಾರಿಗೆ?"

ಅವಳು ಮೇಜಿನ ಮೇಲಿನ ಒಂಟಿ ವೈರಿನ ಕಡೆ ಕೈ ತೋರಿಸಿದಳು.

"ಜಗಳ ಯಾತಕ್ಕೋ?" ಇನ್ಸ್‌ಪೆಕ್ಟರ್ ಹುಡುಗನನ್ನು ಕೇಳಿದರು.

"ಹೊಸ ಹಾಡಿಗೆ ಡ್ರಮ್ ಬೇಡ ಅಂದ್ಲು ಸಾರ್."

"ಅಷ್ಟಕ್ಕೇನಾ?"

"ಅಷ್ಟಕ್ಕೇ ಅಲ್ಲ ಸಾರ್, ಡ್ರಮ್ ಬೇಡ ಅಂದ್ರೆ ನಾನೇ ಬೇಡ ಅಂದಂಗೆ," ಎಂದ ಹುಡುಗ. ಆ ಒಂದು ಮಾತಿಗೆ ಅವನನ್ನು ಜೀಪು ಹತ್ತಿಸಿದರು.

* * *

ಮರುದಿನ ಅವರ ಅಮ್ಮ ಪತ್ರಿಕೆಯ ಕಚೇರಿಗೆ ಬಂದರು. ಬಟ್ಟೆ ಹೊಲಿಯುವವರು. ಅಳತೆಯ ಟೇಪು ಕೊರಳಲ್ಲೇ ಉಳಿದಿತ್ತು.

"ಇರೋದೇ ಎರಡು ಕಣ್ಣು ನನಗೆ. ಒಂದು ಆಸ್ಪತ್ರೇಲಿ, ಒಂದು ಲಾಕಪ್ಪಲ್ಲಿ. ಯಾವ ಕಡೆ ಅಂತ ನೋಡ್ಲಮ್ಮ? ಅವನು ಹೊಡೆದಿದ್ರೆ ನಾನೇ ಅವನ ಕೈ ಮುರಿದು ಕೂರಿಸ್ತಿದ್ದೆ. ಅವನು ಹೊಡೆದಿಲ್ಲ. ಅವಳಿಗೆ ಎಚ್ಚರ ಆಗಿ ಅಣ್ಣ ಎಲ್ಲಿ ಅಂದ್ರೆ ಏನು ಹೇಳ್ಲಿ?"

ವರದಿಗಾರ್ತಿ ಸಮಾಧಾನ ಹೇಳುವ ಪೈಕಿ ಅಲ್ಲ. ನೀರು ಕೊಟ್ಟಳು. "ಅವಳು ನಿಮ್ಮ ಜೊತೆ ಕೊನೇಗೆ ಏನು ಮಾತಾಡಿದ್ಲು?"

"ಮಾತಾಡಿಲ್ಲ. ಅವನು ಜಗಳ ಮಾಡ್ಕೊಂಡು ಮನೆಗೆ ಬಂದ್ಮೇಲೆ ಒಬ್ಬಳೇ ಕೂತು ಹಾಡು ಮುಗಿಸಿದಾಳೆ. 'ಅಮ್ಮಾ, ಮುಗೀತು, ಕೇಳು' ಅಂತ ಫೋನಿಗೆ ಕಳಿಸಿದ್ಲು. ಅಣ್ಣನಿಗೆ ಈಗಲೇ ಕೇಳಿಸ್ಬೇಡ, ರಾತ್ರಿ ಇಲ್ಲೇ ಮಲಗ್ತೀನಿ ಅಂದಿದ್ಲು."

ಆಕೆ ಹಾಡು ಹಚ್ಚಿದರು. ಒಂದು ಗಿಟಾರು, ಒಂದು ದನಿ. ಎರಡನೆಯ ಚರಣದಲ್ಲಿ ಹುಡುಗಿ ಸಾಲು ತಪ್ಪಿದಳು, ತಟ್ಟನೆ ನಕ್ಕಳು, ನಗುತ್ತಲೇ ಮುಂದುವರಿದಳು. ಹಾಡು ಚೆನ್ನಾಗಿತ್ತು. ವರದಿಗಾರ್ತಿಗೆ ಅದರಿಂದ ಸಿಟ್ಟೇ ಬಂತು. ಇಷ್ಟು ದಿನ ಕಸ ಕೇಳಿಸಿಕೊಂಡು ಬೈಯುತ್ತಾ ನೆಮ್ಮದಿಯಾಗಿದ್ದವಳು. ನಿಜವಾಗಿ ಒಳ್ಳೆಯದೊಂದು ಸಿಕ್ಕರೆ ಅದನ್ನು ಹಾಡಿದವಳು ಆಸ್ಪತ್ರೆಯಲ್ಲಿ ಬಿದ್ದಿರಬೇಕೆ?

"ಇದನ್ನ ಇನ್ಯಾರಿಗೂ ಕೇಳಿಸ್ಬೇಡಿ. ನೀವೇ ಒಂದ್ಸಲ ಈ ರಾಗ ಗುನುಗಿ. ಮಾತು ಬೇಡ."

ಅಮ್ಮ ನಾಚಿಕೊಂಡು ಗುನುಗಿದರು. ವರದಿಗಾರ್ತಿ ಅದನ್ನು ತನ್ನ ಫೋನಿನಲ್ಲಿ ಹಿಡಿದುಕೊಂಡಳು. ಲ್ಯಾಪ್‌ಟಾಪ್ ಒಯ್ದವನು ಈ ಹಾಡನ್ನು ಕೇಳದೆ ಇರಲಾರ. ರಾಗ ಕಿವಿಗೆ ಬಿದ್ದರೆ ಅವನ ಮುಖ ಏನಾದರೂ ಹೇಳೀತು.

* * *

ಮೊದಲ ಅನುಮಾನ ಟೋಪಿ ಎಂದೇ ಎಲ್ಲರೂ ಕರೆಯುವವನ ಮೇಲೆ. ಅವನೂ ಗಾಯಕ. ಮನೆಯೊಳಗೂ ಟೋಪಿ ತೆಗೆಯುವುದಿಲ್ಲ. ಒಳಗೆ ಮುಚ್ಚಿಡುವಂಥದ್ದು ಬೋಳುತನ ಬಿಟ್ಟು ಇನ್ನೇನೂ ಇಲ್ಲ ಎಂದು ಎಲ್ಲರಿಗೂ ಗೊತ್ತು. ಗುಬ್ಬಿ ಆಸ್ಪತ್ರೆ ಸೇರಿದ ಮಾರನೆಯ ದಿನವೇ ಶನಿವಾರದ ಪೋಸ್ಟರಿನಲ್ಲಿ ಅವಳ ಮುಖದ ಮೇಲೆ ಅವನ ಮುಖ ಅಂಟಿಸಿದ್ದರು. ಗೋಂದು ಇನ್ನೂ ಹಸಿಯಾಗಿತ್ತು.

"ಆವತ್ತು ಸಂಜೆ ಎಲ್ಲಿದ್ರಿ?"

"ಒಬ್ಬನೇ ಅಲೀತಿದ್ದೆ. ಹಾಡು ಹುಡುಕ್ತಾ."

"ಯಾವ ಬೀದೀಲಿ?"

"ಬೀದಿಗಳ ಹೆಸರು ನನ್ನ ಮನಸ್ಸಲ್ಲಿ ನಿಲ್ಲಲ್ಲ."

ಇಂಥ ಉತ್ತರಕ್ಕೆ ಒಂದು ಬಿಗಿದರೂ ತಪ್ಪಿಲ್ಲ ಎನ್ನಿಸಿತು ಅವಳಿಗೆ. ಬಿಗಿಯಲಿಲ್ಲ. ಸಂಜೆ ಅವನ ಬೆನ್ನು ಹತ್ತಿದಳು. ಟೋಪಿ ಅತ್ತಿತ್ತ ನೋಡಿ ಒಂದು ಮನೆಯ ಹಿತ್ತಿಲ ಬಾಗಿಲಿನಿಂದ ಒಳಗೆ ನುಸುಳಿದ. ಕಿಟಕಿಯಲ್ಲಿ ಇಣುಕಿದರೆ ಸಂಗೀತದ ಪಾಠ. ಚಾಪೆಯ ಮೇಲೆ ಹಲ್ಲು ಬಿದ್ದ ಮಕ್ಕಳ ಸಾಲು, ಕೊನೆಯಲ್ಲಿ ಕಾಲು ಮಡಚಲಾಗದೆ ಒದ್ದಾಡುತ್ತಿದ್ದ ಟೋಪಿ. ಗುಬ್ಬಿಗೆ ಪೆಟ್ಟು ಬಿದ್ದ ಸಂಜೆಯೂ ಅವನು ಇಲ್ಲೇ ಇದ್ದನೆಂದು ಮೇಷ್ಟ್ರು ಹೇಳಿದರು. ಶ್ರುತಿ ಸೇರದೆ ರಾತ್ರಿವರೆಗೂ ಕೂರಿಸಿಕೊಂಡಿದ್ದರಂತೆ.

"ದಯವಿಟ್ಟು ಬರೀಬೇಡಿ," ಟೋಪಿ ಅಂಗಲಾಚಿದ. "ನಾನು ಯಾರ ಹತ್ರಾನೂ ಕಲಿತವನಲ್ಲ ಅಂತ ಎಲ್ಲಾ ಕಡೆ ಹೇಳಿದೀನಿ."

"ಕೇಳಿದವರಿಗೆ ಅದು ಗೊತ್ತಾಗತ್ತೆ ಬಿಡಿ." ಅವಳು ಫೋನ್ ತೆಗೆದು ಅಮ್ಮನ ಗುನುಗು ಕೇಳಿಸಿದಳು. "ಇದು ಗೊತ್ತಾ?"

ಟೋಪಿಯ ಮುಖಕ್ಕೆ ಕಳೆ ಬಂತು. "ಓ, ಇದಾ! ಹಳೇದು. ಹತ್ತು ಜನಕ್ಕೂ ಗೊತ್ತಿಲ್ದೇ ಇದ್ದಾಗ್ಲೇ ಕೇಳಿದ್ದೆ. ಈಗೀಗ ಎಲ್ರೂ ಕೇಳ್ತಾರೆ."

ಶನಿವಾರದ ಕಾನ್ಸರ್ಟ್ ನಡೆಯಬೇಕಿದ್ದ ಸಭಾಂಗಣದ ಯಜಮಾನನ ಬಳಿಯೂ ಅದೇ ಕಥೆ. ಗುನುಗು ಮುಗಿಯುವ ಮೊದಲೇ ಕೈ ಎತ್ತಿದ. "ಇದನ್ನ ನಮ್ಮ ವೇದಿಕೆ ಮೇಲೇ ಮೊದಲು ಹಾಡಿದ್ದು. ಅವತ್ತೇ ನಾನು ಹೇಳಿದ್ದೆ, ಇದು ಓಡತ್ತೆ ಅಂತ."

ವರದಿಗಾರ್ತಿಗೆ ಆಶ್ಚರ್ಯವಾಗಲಿಲ್ಲ. ಈ ಪುಟಕ್ಕೆ ಬಂದ ಹೊಸದರಲ್ಲೇ ಇವರ ಬಂಡವಾಳ ತಿಳಿದಿತ್ತು. ಒಂದು ದಿನ ಬೇಸರಕ್ಕೆ, ಕಿಟಕಿಯಾಚೆ ಕಂಡ ನೀರಿನ ಟ್ಯಾಂಕ್ ನೋಡಿ, 'ತುಕ್ಕು ಟ್ಯಾಂಕ್' ಎಂಬ ಬ್ಯಾಂಡ್ ಗೊತ್ತೇ ಎಂದು ಎಲ್ಲರನ್ನೂ ಕೇಳಿದ್ದಳು. ಅಂಥ ಬ್ಯಾಂಡೇ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದು 'ಕಿವಿ' ಎಂದು ಊರೇ ಕರೆಯುವವನಿಗೆ. "ಅವರ ಮೊದಲ ಆಲ್ಬಮ್ ಅದ್ಭುತ," ಎಂದಿದ್ದ. "ಎರಡನೇದಕ್ಕೆ ತಮ್ಮನ್ನ ಮಾರ್ಕೊಂಡ್ಬಿಟ್ರು."

* * *

ಕಿವಿ ಎಂದರೆ ಊರಿನ ದೊಡ್ಡ ವಿಮರ್ಶಕ. 'ಮೊದಲ ಕಿವಿ' ಎಂಬ ಅವನ ಚಾನೆಲ್ಲಿನಲ್ಲಿ ಹೊಸ ಹಾಡು ಬಂದರೆ ಊರಿಗೆ ಬಂದಂತೆ. ಅವನಿಗಿಂತ ಮೊದಲು ಯಾರಾದರೂ ಒಂದು ಹಾಡನ್ನು ಕೇಳಿದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಅವನ ಕೋಣೆಯಲ್ಲಿ ನೆಲದಿಂದ ಮಾಡಿನವರೆಗೆ ಹಳೆಯ ರೆಕಾರ್ಡುಗಳು. ಕೂರಲು ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಅವನೇ ಕೂತಿದ್ದ.

"ಗುಬ್ಬಿಗೆ ಹೀಗಾಗಬಾರದಿತ್ತು," ಎಂದ. "ಅವಳನ್ನ ಕಂಡುಹಿಡಿದವನು ನಾನೇ."

"ಒಂದು ಹಾಡಿದೆ. ಕೇಳಿ."

ಅಮ್ಮನ ಗುನುಗು ಕೋಣೆಯಲ್ಲಿ ಹರಡಿತು. ಕಿವಿ ಕೊರಳಿನ ಹೆಡ್‌ಫೋನನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸರಿಸಿದ.

"ಇಲ್ಲ," ಎಂದ. "ಈ ಹಾಡು ನಾನು ಕೇಳಿಲ್ಲ."

"ಕೇಳಿಲ್ವಾ?"

"ಇಲ್ಲ. ಯಾವತ್ತೂ ಇಲ್ಲ. ಟೀ ಕುಡೀತೀರಾ?"

ಅವಳು ಟೀ ಕುಡಿಯಲಿಲ್ಲ. ಸೀದಾ ಠಾಣೆಗೆ ಹೋದಳು. ಇನ್ಸ್‌ಪೆಕ್ಟರ್ ಎಲ್ಲವನ್ನೂ ಕೇಳಿ ಹಣೆ ಹಣೆ ಚಚ್ಚಿಕೊಂಡರು.

"ಕೇಳಿಲ್ಲ ಅಂದಿದ್ದಕ್ಕೆ ಅರೆಸ್ಟ್ ಮಾಡ್ಲಾ? ಜಡ್ಜು ನನ್ನನ್ನೇ ಒಳಗೆ ಹಾಕ್ತಾರೆ."

"ಅರೆಸ್ಟ್ ಬೇಡ. ಶನಿವಾರ ಮಧ್ಯಾಹ್ನ ಸಭಾಂಗಣದಲ್ಲಿ ಮೈಕ್ ಪರೀಕ್ಷೆ ಇದೆ. ಎಲ್ಲಾ ಬರ್ತಾರೆ. ನೀವು ಹಿಂದೆ ಕತ್ತಲಲ್ಲಿ ಸುಮ್ನೆ ಕೂತಿರಿ. ಬರೋಕೆ ಮುಂಚೆ ಗುಬ್ಬಿ ಅಮ್ಮನ ಫೋನಲ್ಲಿರೋ ಹಾಡು ಪೂರ್ತಿ ಕೇಳಿ. ಮನಸ್ಸಿಟ್ಟು ಕೇಳಿ."

* * *

ಖಾಲಿ ಸಭಾಂಗಣ. ವೇದಿಕೆಯ ಮೇಲೆ ಟೋಪಿ ಮೈಕಿಗೆ ಊದುತ್ತಿದ್ದ. ಯಜಮಾನ ಕುರ್ಚಿ ಜೋಡಿಸುವವರನ್ನು ಬೈಯುತ್ತಿದ್ದ. ಮುಂದಿನ ಸಾಲಿನಲ್ಲಿ ಕಿವಿ, ಕಾಲ ಮೇಲೆ ಕಾಲು. ತೀರಾ ಹಿಂದೆ, ದೀಪವಿಲ್ಲದ ಕಡೆ, ಇನ್ಸ್‌ಪೆಕ್ಟರ್ ಮತ್ತು ಅಮ್ಮ.

ವರದಿಗಾರ್ತಿ ವೇದಿಕೆ ಹತ್ತಿದಳು. "ಗುಬ್ಬಿಯ ಕೊನೇ ಹಾಡಿನ ಬಗ್ಗೆ ನಾಳೆ ಬರೀತಿದೀನಿ. ಅದನ್ನ ಎಲ್ಲರಿಗಿಂತ ಮೊದಲು ಕೇಳಿದವರು ಇವರು." ಟೋಪಿಯ ಬೆನ್ನು ತಟ್ಟಿದಳು. "ಆವತ್ತು ನಾನು ಕೇಳಿಸಿದ್ನಲ್ಲ, ಅದೇ. ಹೇಗಿತ್ತು ಹೇಳಿ."

ಟೋಪಿಗೆ ಇನ್ನೇನು ಬೇಕು? ಮೈಕು ಹಿಡಿದೇ ಶುರುಮಾಡಿದ. "ಆ ಡ್ರಮ್ ಶುರುವಾಗತ್ತಲ್ಲ, ಮೈ ಜುಂ ಅಂತು. ಅವಳಿಗೆ ಅಲ್ಲೇ ಹೇಳಿದೆ, ಡ್ರಮ್ ಇನ್ನೂ ಜೋರಾಗಿರ್ಲಿ ಅಂತ."

"ಏಯ್, ಮೊದಲು ಕೇಳಿದ್ದು ನಾನು," ಯಜಮಾನ ಕೂಗಿದ. "ಡ್ರಮ್ ಕಡಿಮೆ ಮಾಡು ಅಂತ ಹೇಳಿದ್ದೂ ನಾನೇ."

ಇಬ್ಬರೂ ಕಚ್ಚಾಡತೊಡಗಿದರು. ಕಿವಿ ಕಾಲ ಮೇಲಿನ ಕಾಲನ್ನು ಕೆಳಗಿಳಿಸಿದ. ಹೆಡ್‌ಫೋನ್ ಎಡಕ್ಕೆ ಹೋಯಿತು, ಬಲಕ್ಕೆ ಬಂತು.

ವರದಿಗಾರ್ತಿ ಅವನ ಕಡೆ ಬಾಗಿದಳು. "ನಿಮ್ಮನ್ನ ಕೇಳಿ ಪ್ರಯೋಜನ ಇಲ್ಲ ಬಿಡಿ. ನೀವು ಕೇಳೇ ಇಲ್ವಲ್ಲ. ವಯಸ್ಸಾಗ್ತಾ ಹೊಸದು ಕಿವಿಗೆ ಬೀಳೋದು ಕಡಿಮೆ, ಪಾಪ. ಅದನ್ನೂ ಒಂದು ಸಾಲು ಬರೀತೀನಿ."

"ಡ್ರಮ್ಮಾ?" ಕಿವಿ ಎದ್ದು ನಿಂತಿದ್ದ. ದನಿ ಕೀರಲಾಗಿತ್ತು. "ಅದರಲ್ಲಿ ಡ್ರಮ್ಮೇ ಇಲ್ಲ ಕಣ್ರೋ, ಕಿವುಡರಾ! ಎರಡನೇ ಚರಣದಲ್ಲಿ ಸಾಲು ತಪ್ಪತ್ತೆ. ನಗ್ತಾಳೆ. ನಕ್ಕೊಂಡೇ ಮುಂದೆ ಹೋಗ್ತಾಳೆ. ಆ ನಗು ಕೇಳಿದೀಯೇನೋ ನೀನು? ಕೇಳಿದೀಯಾ? ನಾನು ಕೇಳಿದೀನಿ!"

ಟೋಪಿಯ ಕೈಯ ಮೈಕು ಕೆಳಗಿಳಿಯಿತು.

"ನಗ್ತಾಳೆ, ಹೌದು," ಎಂದರು ಅಮ್ಮ ಹಿಂದಿನಿಂದ. "ಅದು ನನಗೆ ಗೊತ್ತು. ನಿನಗೆ ಹೇಗೆ ಗೊತ್ತಪ್ಪ?"

ಕಿವಿ ಬಾಗಿಲ ಕಡೆ ನೋಡಿದ. ಅಲ್ಲಿ ಇನ್ಸ್‌ಪೆಕ್ಟರ್ ನಿಂತಿದ್ದರು.

* * *

ಲ್ಯಾಪ್‌ಟಾಪ್ ಅವನ ಕೋಣೆಯಲ್ಲೇ, ರೆಕಾರ್ಡುಗಳ ಹಿಂದೆ ಸಿಕ್ಕಿತು. ನಂತರ ಎಲ್ಲವನ್ನೂ ಒಪ್ಪಿಕೊಂಡ. ಹಾಡನ್ನು ಕಾನ್ಸರ್ಟಿಗೆ ಮುಂಚೆ ತನ್ನ ಚಾನೆಲ್ಲಿಗೆ ಕೊಡೆಂದು ಕೇಳಲು ಹೋಗಿದ್ದನಂತೆ. ಗುಬ್ಬಿ ಕೇಳಿಸಿದಳು, ಆದರೆ ಮೊದಲು ವೇದಿಕೆಯಲ್ಲೇ ಹಾಡುತ್ತೇನೆಂದಳು. ಇವನು ಲ್ಯಾಪ್‌ಟಾಪ್ ಕಿತ್ತುಕೊಂಡ. ಅವಳು ಬಿಡಲಿಲ್ಲ. ತಳ್ಳಿದ. "ಬರೀ ತಳ್ಳಿದ್ದು," ಎಂದು ಮತ್ತೆ ಮತ್ತೆ ಹೇಳಿದ. ರಕ್ತ ಸುರಿಯುವ ಹುಡುಗಿಯನ್ನು ಬಿಟ್ಟು ಬಾಗಿಲೆಳೆದುಕೊಂಡು ಬಂದಿದ್ದ. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಹೇಡಿ.

"ಅವನೇ ಅಂತ ಹೇಗೆ ಗೊತ್ತಾಯ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಇವರೆಲ್ಲ ಇಲ್ಲದ ಬ್ಯಾಂಡನ್ನೂ ಕೇಳಿದೀವಿ ಅನ್ನೋ ಜನ. ಟೋಪಿ, ಯಜಮಾನ ಇಬ್ರೂ ಕೇಳಿದೀನಿ ಅಂದ್ರು. ಅದು ಸುಳ್ಳು, ಅವರ ದಿನನಿತ್ಯದ ಸುಳ್ಳು. ಎಲ್ಲರಿಗಿಂತ ಮುಂದೆ ಸುಳ್ಳು ಹೇಳಬೇಕಾದವನು ಮಾತ್ರ ಕೇಳಿಲ್ಲ ಅಂದ. ಅವನ ಬಾಯಲ್ಲಿ ಆ ಮಾತು ಬರಬೇಕಾದ್ರೆ ಜೈಲಿನ ಭಯ ಇರ್ಬೇಕು. ಇನ್ನೊಂದು, ಹೊಸ ಹಾಡು ಹುಡುಕೋದೇ ಅವನ ಕಸುಬು. ಆದ್ರೂ ಇದು ಯಾರ ಹಾಡು ಅಂತ ವಿಚಾರಿಸ್ಲಿಲ್ಲ. ಗೊತ್ತಿದ್ದವನು ಯಾಕೆ ವಿಚಾರಿಸ್ತಾನೆ?"

"ಲ್ಯಾಪ್‌ಟಾಪ್ ಎಲ್ಲಾದ್ರೂ ಎಸೆದಿದ್ರೆ ಬಚಾವಾಗ್ತಿದ್ದ."

"ಎಸೆದ್ರೆ ಹಾಡು ಹೋಗ್ತಿತ್ತು. ಜೀವಮಾನದಲ್ಲಿ ಒಂದೇ ಸಲ ಅವನು ನಿಜವಾಗ್ಲೂ ಮೊದಲು ಕೇಳಿದೀನಿ ಅಂದ್ಕೊಂಡಿದ್ದ. ಅದನ್ನ ಯಾರಿಗೂ ಹೇಳೋ ಹಾಗಿಲ್ಲ. ಎಷ್ಟು ದಿನ ತಡೀತಾನೆ?"

ಕಿವಿಯನ್ನು ಠಾಣೆಯ ಒಳಗೆ ಕರೆದೊಯ್ಯುತ್ತಿದ್ದರು. ಅವಳನ್ನು ಕಂಡು ನಿಂತ.

"ನಾಳೆ ಬರೆಯುವಾಗ ಒಂದು ನ್ಯಾಯ ಮಾಡಿ. ಏನೇ ಆದ್ರೂ ಮೊದಲು ಕೇಳಿದ್ದು ನಾನೇ. ಅದನ್ನ ಹಾಕಿ."

"ಹಾಕಲ್ಲ. ನೀನು ಅಲ್ಲಿಗೆ ಹೋಗೋಕೆ ಮುಂಚೆನೇ ಅವಳು ಅದನ್ನ ಅಮ್ಮನಿಗೆ ಕಳಿಸಿದ್ಲು. ಅವರು ಯಾರದೋ ಪ್ಯಾಂಟಿಗೆ ಜಿಪ್ ಹಚ್ತಾ ಕೇಳಿದ್ರು. ನೀನು ಎರಡನೆಯವನು."

ಕೈಗೆ ಕೋಳ ಬಿದ್ದಾಗಲೂ ಅಳದವನು ಈಗ ಅಳತೊಡಗಿದ.

ಅಮ್ಮ ಅತ್ತ ನೋಡಲೂ ಇಲ್ಲ. ಲಾಕಪ್ಪಿನಿಂದ ಹೊರಬಂದ ಮಗನ ತೋಳು ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ನರ್ಸು. ಹುಡುಗಿ ಕಣ್ಣು ಬಿಟ್ಟಿದ್ದಾಳೆ, ಅಣ್ಣ ಎಲ್ಲಿ ಅಂತ ಒಂದೇ ಸಮ ಕೇಳ್ತಿದ್ದಾಳೆ, ಏನು ಹೇಳ್ಲಿ ಎಂದರು.

"ನೀವೇನೂ ಹೇಳ್ಬೇಡಿ," ಎಂದರು ಅಮ್ಮ, ಫೋನನ್ನು ಮಗನ ಕಿವಿಗೆ ಒತ್ತಿ ಹಿಡಿಯುತ್ತಾ. "ಅವನೇ ಹೇಳ್ತಾನೆ."