ರುಕಿಯಾಕ್ಕ ರೈಸ್ ಮಾಡಿರಲಿಲ್ಲ!

"ಇದಾ ನೀವು ಮಾಡುವ ರಿಪೇರಿ?"

ದರ್ಬೆಯ ಆ ಪುಟ್ಟ ಗ್ಯಾರೇಜಿನ ಬೆಂಚಿನ ಮೇಲೆ ಸ್ಕೂಟರಿನ ಕೀ ಠಣ್ಣೆಂದು ಬಿತ್ತು. ಮೆಕ್ಯಾನಿಕ್ ಹರ್ಷಿತ್ ಬೆಚ್ಚಿ ತಲೆಯೆತ್ತಿದ.

ಎದುರಿಗೆ ಸುರಕ್ಷಾ. ಹೆಂಗಸರಿಗೆ ಸ್ಕೂಟರ್ ಕಲಿಸುವ ಟೀಚರ್. ನಾಲ್ಕು ದಿನದ ಹಿಂದೆ ಕಾರ್ಬರೇಟರ್ ಕ್ಲೀನ್ ಮಾಡಲು ಗಾಡಿ ತಂದು ಬಿಟ್ಟದ್ದು ಅವಳ ಅಪ್ಪ ಕುಕ್ಕಪ್ಪ ಗೌಡರು. ಮಗಳನ್ನು ಅವನು ನೋಡುತ್ತಿರುವುದು ಇದೇ ಮೊದಲು.

"ಎಂತ ಆಯ್ತು ಮೇಡಂ?"

"ನನ್ನ ಹತ್ರ ಕಲಿಯುವ ರುಕಿಯಾಕ್ಕ ಬೆಳಿಗ್ಗೆ ಬಿದ್ದಿದ್ದಾರೆ. ಮೊಣಕೈಗೆ ನಾಲ್ಕು ಹೊಲಿಗೆ! ಬ್ರೇಕ್ ಬಿಟ್ಟ ಕೂಡ್ಲೆ ಗಾಡಿ ತಾನಾಗಿ ಹಾರಿತು!"

ಹರ್ಷಿತ್ ನಕ್ಕುಬಿಟ್ಟ. "ಗಾಡಿ ತಾನಾಗಿ ಹಾರುದಿಲ್ಲ. ಅವರು ಆಕ್ಸಿಲರೇಟರ್ ತಿರುಗಿಸಿ ರೈಸ್ ಮಾಡಿರ್ಬೇಕು. ಕಲಿಯುವವರೆಲ್ಲ ಹೀಗೇ."

ಸುರಕ್ಷಾಳ ಮುಖ ಕೆಂಪಾಯಿತು. ಅವನ ನಗುವಿಗಷ್ಟೇ ಅಲ್ಲ. ಬೆಳಿಗ್ಗೆ ನೆಲದ ಮೇಲೆ ಕೂತು ಅಳುತ್ತಿದ್ದ ರುಕಿಯಾಕ್ಕನಿಗೆ ಅವಳೂ ಇದೇ ಮಾತು ಹೇಳಿದ್ದಳು! 'ರೈಸ್ ಮಾಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿಕ್ಕೆ?' ಎಂದು ಎಲ್ಲರೆದುರು ಗದರಿದ್ದಳು. 'ನಾನು ಮಾಡ್ಲಿಲ್ಲ ಟೀಚರ್...' ಅಂದರೂ ನಂಬಿರಲಿಲ್ಲ. ಆಮೇಲೆ ತಾನೇ ಗಾಡಿ ಸ್ಟಾರ್ಟ್ ಮಾಡಿ ನೋಡಿದಾಗಲೇ ನಿಜ ತಿಳಿದದ್ದು.

ಆ ಮಾತು ಈಗ ಎದೆಯೊಳಗೆ ಮುಳ್ಳಿನಂತೆ ಆಡುತ್ತಿತ್ತು.

ಅವಳು ಸ್ಕೂಟರನ್ನು ದೊಡ್ಡ ಸ್ಟ್ಯಾಂಡಿಗೆ ಹಾಕಿದಳು. ಸ್ಟಾರ್ಟ್ ಮಾಡಿ, ಎರಡೂ ಕೈ ಮೇಲೆತ್ತಿ ದೂರ ನಿಂತಳು.

ಯಾರೂ ಮುಟ್ಟದೆ ಹಿಂದಿನ ಚಕ್ರ ಗಿರಗಿರನೆ ತಿರುಗತೊಡಗಿತು.

"ಈಗ ಹೇಳಿ. ಯಾರು ರೈಸ್ ಮಾಡಿದ್ದು?"

ಹರ್ಷಿತನ ನಗು ಮಾಯವಾಯಿತು. ಬಗ್ಗಿ ಒಂದು ಸ್ಕ್ರೂವನ್ನು ಸಡಿಲಿಸಿದ. ಚಕ್ರ ನಿಂತಿತು. ಜೊತೆಗೆ ಎಂಜಿನ್ನೂ ನಿಂತಿತು.

"ಕ್ಲೀನ್ ಮಾಡಿದ ಮೇಲೆ ರೈಸ್ ಬಿಟ್ರೆ ಗಾಡಿ ಆಫ್ ಆಗ್ತಾ ಇತ್ತು. ಅದಕ್ಕೆ ಈ ಸ್ಕ್ರೂ ಸ್ವಲ್ಪ ಏರಿಸಿ ಕೊಟ್ಟಿದ್ದೆ."

"ಅಂದ್ರೆ ರೋಗ ಎಂತದ್ದು ಅಂತ ನೋಡದೆ ಮುಚ್ಚಿಟ್ಟಿರಿ!"

"ಗಾಡಿ ಹಳೇದು ಮೇಡಂ. ನಂಬಿಕೆ ಇಲ್ಲದಿದ್ರೆ ಬೇರೆ ಕಡೆ ತೆಗೊಂಡು ಹೋಗಿ."

"ಹೋಗುದಿಲ್ಲ! ಹಾಳು ಮಾಡಿದವರೇ ಸರಿ ಮಾಡಿ." ಅವಳು ಸ್ಟೂಲ್ ಎಳೆದು ಅವನ ಎದುರಿಗೇ ಕೂತಳು.

'ಎಂಥ ಜಗಳಗಂಟಿ!' ಅವನು ಹಲ್ಲು ಕಚ್ಚಿದ.

'ಎಂಥ ಅಹಂಕಾರ!' ಅವಳು ಮುಖ ತಿರುಗಿಸಿದಳು.

ಕಾರ್ಬರೇಟರ್ ಮತ್ತೆ ಬಿಚ್ಚಿಕೊಂಡಿತು. ಪೆಟ್ರೋಲ್ ಹೋಗುವ ಸಣ್ಣ ಜೆಟ್ಟನ್ನು ಹರ್ಷಿತ್ ಬೆಳಕಿಗೆ ಹಿಡಿದ. ತೂತು ಸ್ವಚ್ಛವಾಗಿತ್ತು. ಜೋಡಿಸಿ ಸ್ಟಾರ್ಟ್ ಮಾಡಿದ. ಕೈ ಬಿಟ್ಟೊಡನೆ ಎಂಜಿನ್ ಸತ್ತಿತು. ಮತ್ತೆ ಬಿಚ್ಚಿದ, ಊದಿದ, ಜೋಡಿಸಿದ. ಮತ್ತೂ ಸತ್ತಿತು!

"ನಿಮಗೆ ಗೊತ್ತಾಗುದಿಲ್ಲ ಅಂತ ಒಪ್ಪಿಕೊಳ್ಳಿ ಮಾರಾಯ್ರೆ."

"ನೀವು ಸ್ವಲ್ಪ ಬಾಯಿ ಮುಚ್ಚಿದ್ರೆ ಗೊತ್ತಾಗ್ತದೆ!"

ಎರಡು ಗಂಟೆ ಕಳೆಯಿತು. ಊಟದ ಹೊತ್ತು ದಾಟಿತು. ಇಬ್ಬರೂ ಉಣ್ಣಲಿಲ್ಲ.

ಕೊನೆಗೆ ಅವನು ರೈಸ್ ಹಿಡಿದು ಎಂಜಿನ್ ಓಡಿಸುತ್ತಲೇ ಒಂದು ಸ್ಪ್ರೇ ಡಬ್ಬಿ ತೆಗೆದು, ಕಾರ್ಬರೇಟರ್ ಎಂಜಿನ್ನಿಗೆ ಸೇರುವ ಜಾಗಕ್ಕೆ ತುಸುವೇ ಹೊಡೆದ. ಎಂಜಿನ್ನಿನ ಸದ್ದು ಒಮ್ಮೆಲೇ ಬದಲಾಯಿತು. ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತಿತ್ತು!

ಬಿಚ್ಚಿ ನೋಡಿದ. ಜಾಯಿಂಟಿನ ತೆಳ್ಳಗಿನ ರಬ್ಬರ್ ರಿಂಗು ಉಬ್ಬಿ, ಒಂದು ಕಡೆ ತುಂಡಾಗಿತ್ತು.

ಅವನು ಅದನ್ನು ಅವಳ ಅಂಗೈ ಮೇಲೆ ಇಟ್ಟ.

"ಕ್ಲೀನ್ ಮಾಡುವಾಗ ಹೊಸ ರಿಂಗ್ ಹಾಕ್ಬೇಕಿತ್ತು. ನಾನು ಹಳೇದನ್ನೇ ಒತ್ತಿ ಹಾಕಿದ್ದೆ." ಧ್ವನಿ ಇಳಿದಿತ್ತು. "ತಪ್ಪು ನಂದೇ."

ಸುರಕ್ಷಾ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದಳು.

ಹೊಸ ರಿಂಗ್ ಹಾಕಿದ್ದೇ ಎಂಜಿನ್ ಮೆಲ್ಲಗೆ, ಒಂದೇ ಲಯದಲ್ಲಿ ನಡೆಯತೊಡಗಿತು. ಚಕ್ರ ಅಲುಗಲಿಲ್ಲ.

"ಗಾಡಿ ಸರಿಯಾಯ್ತು. ರುಕಿಯಾಕ್ಕನ ಧೈರ್ಯ? ಅದಕ್ಕೂ ನಿಮ್ಮ ಹತ್ರ ರಬ್ಬರ್ ಉಂಟಾ?"

ಹರ್ಷಿತ್ ಕೈ ಒರೆಸಿಕೊಂಡ. "ಅವರ ಮನೆ ಎಲ್ಲಿ?"

"ಎಂತಕ್ಕೆ?"

"ನಿಮಗೆ ಹೇಳಿದ್ದು ಅವರಿಗೂ ಹೇಳ್ಬೇಕಲ್ಲ?"

ಈಶ್ವರಮಂಗಲದ ಆ ಮನೆಯ ಜಗಲಿಯಲ್ಲಿ ರುಕಿಯಾಕ್ಕ ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಕೂತಿದ್ದರು. ಅಂಗಡಿಗಳಿಂದ ಹೊಲಿಗೆ ಕೆಲಸ ತರಲು ಬಸ್ಸಿಗೆ ಕಾದು ಕಾದು ಬೇಸತ್ತು, ನಲವತ್ತೆರಡನೇ ವಯಸ್ಸಿಗೆ ಸ್ಕೂಟರ್ ಕಲಿಯಲು ಹೊರಟಿದ್ದವರು.

"ಇನ್ನು ಸಾಕು ಟೀಚರ್," ಅವರ ತಮ್ಮ ಶಾಫಿ ಮುಂದೆ ಬಂದ. "ಈ ಪ್ರಾಯದಲ್ಲಿ ಬೇಡ ಅಂತ ನಾನು ಮೊದಲೇ ಹೇಳಿದ್ದೆ. ಹ್ಯಾಂಡಲ್ ಹಿಡಿಯಲಿಕ್ಕೇ ಗೊತ್ತಿಲ್ಲ ಇವಳಿಗೆ."

"ಅವರಿಗೆ ಗೊತ್ತುಂಟು," ಹರ್ಷಿತ್ ಅಂಗಳದಲ್ಲೇ ನಿಂತು ಹೇಳಿದ. "ಗೊತ್ತಿಲ್ಲದ್ದು ನನಗೆ. ನನ್ನ ಕೆಲಸ ಸರಿ ಇರ್ಲಿಲ್ಲ. ಗಾಡಿ ತಾನಾಗಿಯೇ ಹಾರಿದ್ದು. ಕ್ಷಮಿಸಿ ರುಕಿಯಾಕ್ಕ."

ಶಾಫಿ ಅಕ್ಕನ ಕಡೆ ತಿರುಗಿ ನೋಡಿದ.

ಈಗ ಎಲ್ಲರ ಕಣ್ಣು ಸುರಕ್ಷಾಳ ಮೇಲೆ. 'ಇವನು ಹೇಳಿದ್ದಷ್ಟೇ ಸಾಕಾ? ನಾನು ಸುಮ್ಮನಿದ್ದುಬಿಡಲಾ?' ಆದರೆ ಆಗಲಿಲ್ಲ...

"ನಾನೂ ನಿಮ್ಮನ್ನು ನಂಬ್ಲಿಲ್ಲ ಅಕ್ಕ. ಎಲ್ಲರೆದುರು ಬೈದೆ. ನಂದೂ ತಪ್ಪು."

ರುಕಿಯಾಕ್ಕನ ಕಣ್ಣು ತುಂಬಿತು. "ಬಿದ್ದದ್ದು ಅಷ್ಟು ನೋವಾಗ್ಲಿಲ್ಲ ಟೀಚರ್. ನೀವು ನಂಬದ್ದೇ ನೋವಾದದ್ದು."

ಆಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮನನ್ನು ಬದಿಗೆ ಸರಿಸಿ, ಸುರಕ್ಷಾ ಅಂಗಳದಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಕೂತರು. ಸ್ಟಾರ್ಟ್ ಮಾಡಿದರು. ಉಸಿರು ಬಿಗಿಹಿಡಿದು ಬ್ರೇಕ್ ಬಿಟ್ಟರು.

ಗಾಡಿ ನಿಂತಲ್ಲೇ ನಿಂತಿತ್ತು. ರುಕಿಯಾಕ್ಕ ನಕ್ಕರು.

ವಾಪಸ್ ಹೊರಡುವಾಗ ಹರ್ಷಿತ್ ತನ್ನ ಬೈಕ್ ಹತ್ತುತ್ತಾ ಮೆಲ್ಲಗೆ ಅಂದ, "ಬೆಳಿಗ್ಗೆ ರುಕಿಯಾಕ್ಕನಿಗೆ ಬೈದದ್ದನ್ನು ನನ್ನ ಹತ್ರ ಹೇಳ್ಲೇ ಇಲ್ಲ ನೀವು."

"ಹೇಳಿದ್ರೆ ನೀವು ನಗ್ತಿದ್ರಿ!" ಅವಳು ಸಿಡುಕಿ ಗಾಡಿ ಮುಂದೆ ಓಡಿಸಿದಳು.

ಆದರೆ ರಾತ್ರಿ ಕಣ್ಣು ಮುಚ್ಚಿದಾಗ ಕಂಡದ್ದು ಅಂಗಳದಲ್ಲಿ ತಲೆತಗ್ಗಿಸಿ ನಿಂತ ಅವನೇ. 'ಅಹಂಕಾರಿ ಹಾಗೆ ನಿಲ್ತಾನಾ?'

ಮರುದಿನದಿಂದ ಅವನು ಕಲಿಸುವ ಮೈದಾನಕ್ಕೆ ಬರತೊಡಗಿದ. ಒಮ್ಮೆ ಬ್ರೇಕ್ ನೋಡಲು, ಒಮ್ಮೆ ಟಯರಿನ ಗಾಳಿ ನೋಡಲು. ಬಂದಾಗಲೆಲ್ಲ ಜಗಳ! ಬಾರದ ದಿನ ಸುರಕ್ಷಾಳ ಕಣ್ಣು ಗೇಟಿನ ಕಡೆಗೇ.

ಲೈಸೆನ್ಸ್ ಟೆಸ್ಟಿನ ದಿನ ರುಕಿಯಾಕ್ಕ ಎಂಟರ ಆಕಾರದಲ್ಲಿ ಕಾಲು ನೆಲಕ್ಕೆ ತಾಗಿಸದೆ ಸುತ್ತಿ ಬಂದರು. ಪಾಸ್! ಸುರಕ್ಷಾ ಅವರನ್ನು ಅಪ್ಪಿ ಹಿಡಿದು ಅತ್ತೇಬಿಟ್ಟಳು.

ಕಣ್ಣೊರೆಸಿಕೊಂಡು ತಿರುಗಿದರೆ ಹಿಂದೆ ಹರ್ಷಿತ್.

"ಇವತ್ತು ಗಾಡಿಗೆ ಎಂತ ತೊಂದರೆ ಇಲ್ಲ. ಮತ್ತೆಂತಕ್ಕೆ ಬಂದದ್ದು?"

"ಗಾಡಿ ನೋಡ್ಲಿಕ್ಕೆ ಬಂದದ್ದಲ್ಲ." ಅವನು ಮಾತಿಗೆ ತಡಕಾಡಿದ. "ನಿಮ್ಮನ್ನು ನೋಡ್ಲಿಕ್ಕೆ. ಬಂದಾಗಲೆಲ್ಲ ಅದಕ್ಕೇ ಬಂದದ್ದು. ನನಗೆ ನೀವು ಇಷ್ಟ, ಸುರಕ್ಷಾ."

ಅವಳ ಎದೆ ಡವಗುಟ್ಟಿತು. ಆದರೂ ಹುಬ್ಬು ಗಂಟಿಕ್ಕಿದಳು.

"ಇಷ್ಟು ಹೇಳ್ಲಿಕ್ಕೆ ಇಪ್ಪತ್ತು ದಿನ ಬೇಕಾ?"

"ಬೈತೀರಿ ಅಂತ ಹೆದರಿಕೆ..."

"ಮುಂದೆಯೂ ಬೈತೇನೆ. ಆಗ್ತದಾ?"

"ಆಗ್ತದೆ. ಆದ್ರೆ ಹೆಸರು ಹಿಡಿದು ಬೈಯಿರಿ. ಇಷ್ಟು ದಿನ ಒಂದು ಸಲವೂ ಕರೀಲಿಲ್ಲ."

"ಹರ್ಷಿತ್..." ಅಂದಳು.

"ಹ್ಞಾಂ, ಬೈಗುಳ ಎಲ್ಲಿ?"

"ಇವತ್ತಿಗೆ ಇಷ್ಟೇ," ಎನ್ನುತ್ತಾ ಅವಳು ಅವನ ಕೈ ಹಿಡಿದಳು.