ಸಿಗಾರ್ ಒಣಗುವ ತನಕ

ಟೈಲರಮ್ಮ ಬಾಗಿಲು ತೆರೆದಾಗ ಎದುರಿಗೆ ನಿಂತಿದ್ದವರ ಕನ್ನಡಕದ ಮೇಲೆಲ್ಲ ನೀರಿನ ಹನಿ. ಒಂದು ಮರದ ಪೆಟ್ಟಿಗೆಯನ್ನು, ನಿದ್ದೆಹೋದ ಮಗುವನ್ನು ಎತ್ತಿಕೊಂಡ ಹಾಗೆ, ಎದೆಗೆ ಒತ್ತಿಕೊಂಡಿದ್ದರು. ಅದರ ಮೂಲೆಯಿಂದ ಕಂದು ಬಣ್ಣದ ನೀರು ಅವಳ ಹೊಸ್ತಿಲಿಗೆ ತೊಟ್ಟಿಕ್ಕುತ್ತಿತ್ತು.

"ನಿಮ್ಮ ಮನೇಲಿ ನಲ್ಲಿ ಏನಾದ್ರೂ ಬಿಟ್ಟಿದ್ದೀರಾ?" ಎಂದು ಕೇಳಿದರು. ಸಿಟ್ಟು ಇರಬೇಕಾದ ದನಿಯಲ್ಲಿ ಸಂಕೋಚವಿತ್ತು.

ಅವಳು ತಿರುಗಿ ನೋಡಿದಳು. ಹೊಲಿಯುವ ಮೊದಲು ಬಟ್ಟೆಯನ್ನು ನೆನೆಸಿ ಕುಗ್ಗಿಸಿಕೊಳ್ಳುವುದು ಅವಳ ಪದ್ಧತಿ. ಗಿರಾಕಿಗಳ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ ಹೊಲಿಗೆಗೆ ಕುಳಿತವಳಿಗೆ ಹಿಂದೆ ಪೈಪು ಕಳಚಿದ್ದು ಕೇಳಿಸಿರಲಿಲ್ಲ. ನೀರು ಬಚ್ಚಲು ದಾಟಿ, ನಡುಮನೆ ದಾಟಿ, ನೆಲದ ಬಿರುಕು ಹುಡುಕಿಕೊಂಡು ಕೆಳಗಿನ ಮನೆಗೆ ಇಳಿದಿತ್ತು.

"ಅಯ್ಯೋ ದೇವರೇ. ಏನೇನು ನೆನೀತು?"

"ಬೀರು ನೆನೀತು, ಹಾಸಿಗೆ ನೆನೀತು. ಅದೆಲ್ಲ ಹೋಗ್ಲಿ ಬಿಡಿ." ಪೆಟ್ಟಿಗೆಯನ್ನು ಇನ್ನಷ್ಟು ಒತ್ತಿಕೊಂಡರು. "ಇದು ನೆನೆಯಬಾರದಿತ್ತು."

ಕೆಳಗಿನ ಮನೆಯ ಕನ್ನಡಕದವರು ಅವರು. ಬೀದಿಯ ತಿರುವಿನಲ್ಲಿ ಅವರದೊಂದು ಕನ್ನಡಕದ ಅಂಗಡಿ. ಅವಳು ಈ ಕಟ್ಟಡಕ್ಕೆ ಬಂದ ಮೇಲೆ ಮೆಟ್ಟಿಲಲ್ಲಿ ಎದುರಾದರೆ "ಊಟ ಆಯ್ತಾ" ಎನ್ನುವಷ್ಟು ಪರಿಚಯ. ಅವರ ಹೆಂಡತಿ ತೀರಿಕೊಂಡಿದ್ದು ಅದಕ್ಕೂ ಮುಂಚೆ. ಟೈಲರಮ್ಮನ ಗಂಡ ಹೋಗಿ ಇನ್ನೂ ಹೆಚ್ಚು ಕಾಲವಾಗಿತ್ತು. ಒಬ್ಬರಿಗೋಸ್ಕರ ಒಲೆ ಹಚ್ಚುವ ಬೇಸರ ಎಂಥದೆಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಮಾತ್ರ ಇಬ್ಬರೂ ಮೆಟ್ಟಿಲಲ್ಲಿ ಆಡಿರಲಿಲ್ಲ.

ಪೆಟ್ಟಿಗೆಯ ಮುಚ್ಚಳ ಉಬ್ಬಿ ಕಚ್ಚಿಕೊಂಡಿತ್ತು. ಅವಳು ಕತ್ತರಿಯ ತುದಿಯಿಂದ ಮೀಟಿ ತೆಗೆದಳು. ಒಳಗೆ ಸಾಲಾಗಿ ಸಿಗಾರುಗಳು. ದಪ್ಪದವು, ಸಣ್ಣವು, ಕಪ್ಪಗಿದ್ದವು, ಜೇನುಬಣ್ಣದವು. ಎಲ್ಲವೂ ನೀರು ಕುಡಿದು ಊದಿಕೊಂಡಿದ್ದವು. ಸೊಂಟಕ್ಕೆ ಸುತ್ತಿದ ಕಾಗದದ ಪಟ್ಟಿಗಳ ಕೆಂಪು ಕರಗಿ ಎಲೆಗೆ ಹತ್ತಿತ್ತು.

"ನೀವು ಸೇದ್ತೀರಾ?"

"ಒಂದು ಸಲ ಸೇದಿ ಎರಡು ದಿನ ಕೆಮ್ಮಿದ್ದೆ. ಇವೆಲ್ಲ ನನ್ನ ಹೆಂಡತಿದು."

ಅವಳ ಹುಬ್ಬು ಮೇಲೇರಿದ್ದು ಕಂಡು ಅವರು ಮೊದಲ ಬಾರಿಗೆ ನಕ್ಕರು.

"ಭಾನುವಾರ ಊಟ ಆದ ಮೇಲೆ ಬಾಲ್ಕನಿಯಲ್ಲಿ ಕಾಲು ಚಾಚ್ಕೊಂಡು ಅರ್ಧ ಸಿಗಾರ್ ಸೇದ್ತಿದ್ಲು. ನಾನು ಪಕ್ಕದಲ್ಲಿ ಬೂದಿಬಟ್ಟಲು ಹಿಡ್ಕೊಂಡು ಕೂರ್ತಿದ್ದೆ. ಹೋದಲ್ಲೆಲ್ಲ ಒಂದೊಂದು ಕೊಂಡ್ಕೊಂಡು ಬರೋಳು. ಸೇದಿದ್ದು ಕಡಿಮೆ, ಕೂಡಿಟ್ಟಿದ್ದೇ ಹೆಚ್ಚು."

ಆ ಕ್ಷಣ ಟೈಲರಮ್ಮನಿಗೆ, ಈ ಪೆಟ್ಟಿಗೆಯನ್ನು ಉಳಿಸಿಕೊಡದೆ ತನ್ನ ಮನಸ್ಸಿಗೆ ನೆಮ್ಮದಿಯಿಲ್ಲ ಎನಿಸಿತು.

ಸಿಗಾರಿನ ಅಂಗಡಿಯವನಿಗೆ ಫೋನ್ ಮಾಡಿ ಕೇಳಿದ್ದಾಯಿತು. ಬಿಸಿಲಿಗಿಟ್ಟರೆ, ಫ್ಯಾನ್ ಹಾಕಿದರೆ ಹೊರಗಿನ ಎಲೆ ಬಿರಿಯುತ್ತದೆ. ನೆರಳಲ್ಲಿ, ಬಟ್ಟೆಯ ಮೇಲೆ, ಒಂದಕ್ಕೊಂದು ತಾಗದ ಹಾಗೆ ಹರಡಬೇಕು. ದಿನವೂ ಮಗ್ಗುಲು ಬದಲಿಸಬೇಕು. ತೂಕ ಇಳಿಯುವುದು ನಿಂತ ಮೇಲೆ ಪೆಟ್ಟಿಗೆಗೆ ಸೇರಿಸಬಹುದು.

"ರೇಷ್ಮೆ ಒಣಗಿಸಿದ ಹಾಗೇನೇ," ಎಂದಳು. "ಅವಸರ ಮಾಡಿದ್ರೆ ಸುಕ್ಕು."

ಅವರ ಊಟದ ಮೇಜಿನ ಮೇಲೆ ತನ್ನ ಬಿಳಿ ಮಲ್ ಬಟ್ಟೆ ಹಾಸಿದಳು. ಮಣಿ ತೂಗುವ ಪುಟ್ಟ ತಕ್ಕಡಿಯನ್ನು ತಂದಿಟ್ಟಳು. ಒಂದು ತಟ್ಟೆಗೆ ಎಲ್ಲಕ್ಕಿಂತ ದಪ್ಪನೆಯ ಸಿಗಾರ್, ಇನ್ನೊಂದಕ್ಕೆ ಅಂಗಿಯ ಗುಂಡಿಗಳು. ಮುಳ್ಳು ನೆಟ್ಟಗಾಗುವ ತನಕ ಒಂದೊಂದೇ ಗುಂಡಿ ಹಾಕಿದಳು.

"ಬತ್ತಿದ ಹಾಗೆ ಗುಂಡಿ ತೆಗೀತಾ ಹೋಗೋದು. ಗುಂಡಿ ತೆಗೆಯೋ ಕೆಲಸ ನಿಂತ ದಿನ ನಿಮ್ಮ ಸಿಗಾರ್ ನಿಮಗೆ, ನನ್ನ ತಕ್ಕಡಿ ನನಗೆ."

ಹೀಗೆ ಅವಳು ದಿನವೂ ಸಂಜೆ ಕೆಳಗಿಳಿದು ಬರತೊಡಗಿದಳು. ಅವರು ಅಂಗಡಿ ಮುಚ್ಚಿ ಬಂದು ಟೀಗೆ ನೀರಿಟ್ಟಿರುತ್ತಿದ್ದರು. ಇಬ್ಬರೂ ಎದುರುಬದುರು ಕುಳಿತು ಸಿಗಾರುಗಳ ಮಗ್ಗುಲು ಬದಲಿಸುವರು. ಬೆರಳು ಬೆರಳಿಗೆ ತಾಕಿದರೆ ಇಬ್ಬರೂ ಒಂದೇ ಸಲ ಕೈ ಹಿಂದಕ್ಕೆಳೆದುಕೊಂಡು, ಮತ್ತೆ ಅದೇ ಸಿಗಾರಿಗೆ ಕೈ ಹಾಕುವರು.

"ನೀವು ನನ್ನ ದುರುಗುಟ್ಟಿ ನೋಡ್ತೀರಲ್ಲ, ಯಾಕೆ?" ಎಂದು ಒಂದು ದಿನ ಅವರು ಕೇಳಿದರು.

"ನಾನೆಲ್ಲಿ ನೋಡಿದೆ? ನನ್ನ ನೋಟಾನೇ ಹಾಗೆ."

"ಹೌದು, ಕಣ್ಣು ಕಿರಿದು ಮಾಡ್ತೀರಿ. ಸೂಜಿಗೆ ದಾರ ಪೋಣಿಸೋಕೆ ಎಷ್ಟು ಸಲ ಬೇಕು?"

"ಅದು ಸೂಜಿ ತಪ್ಪು," ಎಂದಳು.

ಮಾರನೆಯ ಸಂಜೆ ಮೇಜಿನ ಮೇಲೆ ಅವಳಿಗೊಂದು ಕನ್ನಡಕ ಕಾದಿತ್ತು. ಹಾಕಿಕೊಂಡು ತಲೆಯೆತ್ತಿದಳು. ಅವರ ಕಣ್ಣಂಚಿನ ಗೆರೆಗಳು, ಕಿವಿಯ ಹಿಂದೆ ಕನ್ನಡಕದ ಕಡ್ಡಿ ಸವೆಸಿದ ಗುರುತು, ಅಂಗಿಯ ತೋಳಿಗೆ ಗುಂಡಿಯ ಬದಲು ಚುಚ್ಚಿದ್ದ ಪಿನ್ನು, ಎಲ್ಲವೂ ಒಟ್ಟಿಗೆ ಕಂಡವು. ಇಷ್ಟು ದಿನ ಚೆನ್ನಾಗಿ ಕಾಣದೇ ಇದ್ದದ್ದೇ ಒಳ್ಳೆಯದಾಗಿತ್ತೇನೋ ಎಂದುಕೊಂಡಳು.

"ಹೇಗೆ ಕಾಣ್ತಿದೆ?"

"ವಯಸ್ಸಾಗಿದೆ ನಿಮಗೆ."

"ಕನ್ನಡಕ ಸರಿಯಾಗಿದೆ ಅಂತಾಯ್ತು," ಎಂದು ಅವರು ಟೀ ಸುರಿದರು.

ನಗುವಿನ ನಡುವೆ ಒಂದು ಮುಳ್ಳಿತ್ತು. ಬೇರೆ ಊರಿನಲ್ಲಿದ್ದ ಅಕ್ಕ ಬಹಳ ದಿನದಿಂದ ಅವಳನ್ನು ಕರೆಯುತ್ತಿದ್ದಳು. "ಒಬ್ಬಳೇ ಎಷ್ಟು ದಿನ ಅಂತ ಇರ್ತೀಯೇ ಪುಟ್ಟಿ? ಮೆಷಿನ್ ಎತ್ಕೊಂಡು ಬಂದ್ಬಿಡು. ನನ್ನ ಜೊತೆಗೇ ಇರು," ಎನ್ನುತ್ತಿದ್ದಳು. ಅವಳು ಒಪ್ಪಿಯೂ ಆಗಿತ್ತು. ಮನೆ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಪೈಪು ಕಳಚಿತು.

"ಸಿಗಾರ್ ಒಣಗಿದ ಕೂಡಲೇ ಬರ್ತೀನಿ ಅಕ್ಕ," ಎಂದು ಫೋನಿನಲ್ಲಿ ಹೇಳುವಾಗ ಕನ್ನಡಕದವರು ಎದುರಿಗೇ ಇದ್ದರು. ತಲೆ ತಗ್ಗಿಸಿಕೊಂಡು ಒರೆಸಿದ್ದ ಗಾಜನ್ನೇ ಮತ್ತೆ ಒರೆಸುತ್ತಿದ್ದರು.

ಗುಂಡಿಗಳು ಒಂದೊಂದಾಗಿ ಇಳಿದವು. ಪ್ರತಿ ಗುಂಡಿ ಇಳಿದಾಗಲೂ ಅವಳಿಗೆ ಸಂತೋಷವಾಗಬೇಕಿತ್ತು.

ಆಮೇಲೊಂದು ಸಂಜೆ ತಕ್ಕಡಿಯ ಮುಳ್ಳು ಎದುರು ದಿಕ್ಕಿಗೆ ವಾಲಿತು. ಸಿಗಾರಿನ ತಟ್ಟೆ ಕೆಳಗೆ ಕೂತಿತ್ತು. ಸರಿತೂಗಲು ಒಂದು ಗುಂಡಿ ಹೆಚ್ಚಿಗೆ ಹಾಕಬೇಕಾಯಿತು.

ಅವಳು ಅವರ ಮುಖ ನೋಡಿದಳು. ಅವರು ಕಿಟಕಿ ನೋಡಿದರು.

"ಗಾಳಿಯಲ್ಲಿ ತೇವ ಜಾಸ್ತಿ ಅನ್ಸುತ್ತೆ," ಎಂದರು.

"ಇರಬಹುದು," ಎಂದಳು. ಅವರ ಕುರ್ಚಿಯ ಹಿಂದೆ, ಗಾಜು ಒರೆಸಲು ಅಂಗಡಿಯಲ್ಲಿ ಇಟ್ಟುಕೊಳ್ಳುವ ಸ್ಪ್ರೇ ಬಾಟಲಿ ನಿಂತಿತ್ತು. ಅದರ ಕತ್ತಿನಲ್ಲಿ ಇನ್ನೂ ಒಂದು ಹನಿ ಜೋತಾಡುತ್ತಿತ್ತು. ಹೊಸ ಕನ್ನಡಕದಲ್ಲಿ ಅದು ಬಹಳ ಸ್ಪಷ್ಟವಾಗಿ ಕಂಡಿತು.

ಅವಳು ಬಾಟಲಿಯಿಂದ ಕಣ್ಣು ತೆಗೆದಳು. ಗುಂಡಿ ಹಾಕಿ ಟೀ ಕುಡಿದು ಮೇಲೆ ಹೋದಳು. ಮೆಟ್ಟಿಲು ಹತ್ತುವಾಗ ತನಗೇ ಗೊತ್ತಿಲ್ಲದೆ ಗುನುಗುತ್ತಿದ್ದಳು. ಮರುದಿನ ಇನ್ನೊಂದು ಗುಂಡಿ. ಅದರ ಮರುದಿನವೂ. "ಇನ್ನೂ ಒಣಗಿಲ್ಲ ಅಕ್ಕ" ಎಂದಾಗ ಅಕ್ಕ, "ಅದೇನು ಸಿಗಾರೋ ಸಮುದ್ರವೋ," ಎಂದು ಫೋನಿಟ್ಟಳು. ದೇವರ ಮುಂದೆ ಕೈಮುಗಿದು ನಿಂತಾಗ, ಇದು ಸುಳ್ಳಲ್ಲ ತಂದೆ, ಒಣಗಿಲ್ಲ ಎನ್ನುವುದಂತೂ ನಿಜ ಎಂದು ವಾದ ಮಾಡಿದಳು.

ವಾದ ಹೆಚ್ಚು ದಿನ ನಿಲ್ಲಲಿಲ್ಲ. ಒಂದು ಸಂಜೆ ಜೇನುಬಣ್ಣದ ಸಿಗಾರಿನ ತುದಿಯಲ್ಲಿ ಏನೋ ಮಸುಕು ಕಂಡಿತು. ಅವರ ಭೂತಗನ್ನಡಿ ಹಿಡಿದು ನೋಡಿದಳು. ಹತ್ತಿಯ ಎಳೆಯಂಥ ಹಸಿರು ನವಿರು. ಪಕ್ಕದ್ದರಲ್ಲೂ ಇತ್ತು.

ಬೂಷ್ಟು.

ಒಬ್ಬ ಹೆಂಗಸು ಊರೂರು ಸುತ್ತಿ ಪ್ರೀತಿಯಿಂದ ಕೂಡಿಟ್ಟಿದ್ದು. ಮೊದಲ ಸಲ ಪೈಪು ಕಳಚಿ ನೆನೆದಿತ್ತು, ಅದು ಆಕಸ್ಮಿಕ. ಇದು ಅಲ್ಲ. ಬಾಯಿ ಬಿಟ್ಟರೆ ಈ ಸಂಜೆಗಳು ಮುಗಿಯುತ್ತವೆ. ಬಿಡದಿದ್ದರೆ ಪೆಟ್ಟಿಗೆ ಮುಗಿಯುತ್ತದೆ.

ಟೀ ಲೋಟ ಹಿಡಿದು ಬಂದವರ ಮುಂದೆ ಭೂತಗನ್ನಡಿ ಚಾಚಿದಳು.

"ನೋಡಿ."

ಅವರು ನೋಡಿದರು. ತುಂಬ ಹೊತ್ತು ನೋಡಿದರು.

"ಇನ್ನು ನೀರು ಹೊಡೀಬೇಡಿ," ಎಂದಳು.

ಲೋಟ ಮೇಜಿಗೆ ತಾಕಿ ಟೀ ಚೆಲ್ಲಿತು. ಅವರ ಕಿವಿ ಕೆಂಪಾಯಿತು.

"ನಿಮಗೆ ಯಾವಾಗಿಂದ ಗೊತ್ತು?"

"ಮೊದಲ ದಿನದಿಂದ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವ್ಯಾಕೆ ಹೊಡೆದ್ರಿ?"

ಅವರು ಕನ್ನಡಕ ತೆಗೆದರು. ಅದಿಲ್ಲದ ಮುಖ ಬಾಗಿಲು ತೆರೆದ ಮನೆಯ ಹಾಗಿತ್ತು.

"ಒಣಗಿದ್ರೆ ನೀವು ಹೊರಡ್ತೀರಲ್ಲ. ಇರಿ ಅನ್ನೋಕೆ ನಾನು ಯಾರು? ಬಾಯಿ ಬರಲಿಲ್ಲ, ಬಾಟಲಿ ಕೈಗೆ ಬಂತು. ಒಂದೇ ಸಲ ಅಂದ್ಕೊಂಡೆ. ಮರುದಿನ ಮೆಟ್ಟಿಲಲ್ಲಿ ನಿಮ್ಮ ಚಪ್ಪಲಿ ಸದ್ದು ಕೇಳಿಸ್ತು, ಮತ್ತೆ ಹೊಡೆದೆ."

"ಹೆಂಡತಿ ಸಿಗಾರ್ ಅದು. ಅಷ್ಟು ಜೋಪಾನ ಮಾಡಿದ್ರಿ."

"ಅವಳಿದ್ದಿದ್ರೆ ಬೈತಿದ್ಲು. ಸಿಗಾರ್ ಹಾಳು ಮಾಡ್ದೆ ಅಂತಲ್ಲ. ಇಷ್ಟು ವಯಸ್ಸಾಗಿ ಇನ್ನೂ ಬಾಯಿಬಿಟ್ಟು ಮಾತಾಡೋಕೆ ಬರಲ್ವಲ್ಲ ಅಂತ. ನನ್ನ ಮದುವೆ ಆಗ್ತೀರಾ ಅಂತ ಅವಳನ್ನ ಕೇಳೋ ಮೊದಲು ಬೇಡದ ಕನ್ನಡಕ ನಾಲ್ಕು ಮಾಡ್ಕೊಟ್ಟಿದ್ದೆ."

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಕಣ್ಣು ಒದ್ದೆಯಾಯಿತು. ಹೊಸ ಕನ್ನಡಕ ಮಂಜಾಯಿತು.

"ತಪ್ಪು ನಂದೂ ಇದೆ. ನೀವು ನೀರು ಹೊಡೆದ್ರಿ, ನಾನು ಗುಂಡಿ ಹಾಕ್ದೆ." ಸೆರಗಿನಿಂದ ಗಾಜು ಒರೆಸಿಕೊಂಡಳು. "ಇವನ್ನ ಉಳಿಸೋಣ. ಇವು ಒಣಗಬೇಕು. ನಾನು ಎಲ್ಲೂ ಹೋಗಲ್ಲ."

"ನಿಜವಾಗಿ?"

"ಬಾಟಲಿ ಕೊಡಿ ಇಲ್ಲಿ."

ಅವರು ತಂದುಕೊಟ್ಟರು. ಅವಳು ಅದನ್ನು ಬಚ್ಚಲಲ್ಲಿ ಬರಿದು ಮಾಡಿ ಬಂದಳು.

ಬೂಷ್ಟು ಮೇಲ್ಮೈಯಲ್ಲಷ್ಟೇ ಇತ್ತು. ಮೃದುವಾದ ಬ್ರಷ್ಷಿನಿಂದ ಒಂದೊಂದನ್ನೂ ಒರೆಸಿದರು. ಒಳಗಿನ ತನಕ ಹೋಗಿದ್ದ ಕೆಲವನ್ನು ಬಿಟ್ಟುಕೊಡಬೇಕಾಯಿತು. ಉಳಿದವು ಉಳಿದವು. ದೇವರು ದೊಡ್ಡವನು. ಬಿಚ್ಚಿ ಒಣಗಿಸಿಟ್ಟಿದ್ದ ಕೆಂಪು ಪಟ್ಟಿಗಳನ್ನು ಅವಳು ಮತ್ತೆ ಸಿಗಾರುಗಳ ಸೊಂಟಕ್ಕೆ ಸುತ್ತಿ ಅಂಟಿಸಿದಳು.

ಗುಂಡಿಗಳು ನಿಂತಲ್ಲೇ ನಿಂತ ದಿನ ಅವಳು ಮನೆ ಬಿಡುವುದಿಲ್ಲವೆಂದು ಮಾಲೀಕರಿಗೆ ಹೇಳಿ, ಅಕ್ಕನಿಗೆ ಫೋನ್ ಮಾಡಿದಳು.

"ಒಣಗಿದ್ವು ಅಕ್ಕ. ಆದ್ರೆ ನಾನು ಬರಲ್ಲ."

"ಒಬ್ಬಳೇ ಇರ್ತೀಯ ಅಂತ ತಾನೇ ನಾನು ಕರೆದಿದ್ದು," ಎಂದಳು ಅಕ್ಕ. "ಕೆಳಗಿನ ಮನೆಯವರಿಗೆ ಹೇಳು, ನನ್ನ ಕಣ್ಣೂ ಮಂಜಾಗಿದೆ. ಬಂದು ಪರೀಕ್ಷೆ ಮಾಡಿಸ್ಕೋಬೇಕು. ಹಾಗೇ ಅವರನ್ನೂ ನಾನು ಪರೀಕ್ಷೆ ಮಾಡ್ಬೇಕು."

ಪೆಟ್ಟಿಗೆ ಮುಚ್ಚಿ ಬೀರಿನಲ್ಲಿಟ್ಟರು. ಅವಳು ತಕ್ಕಡಿಯಿಂದ ಒಂದು ಬಿಳಿ ಗುಂಡಿ ತೆಗೆದುಕೊಂಡು, ಅವರ ತೋಳಿನ ಪಿನ್ನು ಬಿಚ್ಚಿ, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿದಳು. ಅವರು ಉಸಿರು ಬಿಗಿಹಿಡಿದು ನಿಂತರು. ದಾರವನ್ನು ಹಲ್ಲಿನಲ್ಲಿ ಕಡಿಯಲು ಅವಳು ಬಾಗಿದಾಗ ಅವಳ ಕೂದಲು ಅವರ ಮಣಿಕಟ್ಟಿಗೆ ತಾಕಿತು.

ಮರುದಿನ ಸಂಜೆ ತಕ್ಕಡಿಯೂ ಇರಲಿಲ್ಲ, ಸಿಗಾರೂ ಇರಲಿಲ್ಲ. ಆದರೂ ಅವಳು ಬಂದಳು. ಅವರು ಇನ್ನೊಂದು ತೋಳು ಚಾಚಿದರು.

"ಇದೂ ಉದುರಿಹೋಯ್ತು ನೋಡಿ."

ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ದಾರದ ತುದಿ ನೆಟ್ಟಗೆ, ಸಮವಾಗಿತ್ತು.

"ಉದುರಿದ್ದಲ್ಲ ಇದು, ಕತ್ತರಿಸಿದ್ದು."

ಅವರು ಕಿಟಕಿ ನೋಡಿದರು.

"ಏನ್ರೀ ಕನ್ನಡಕದವರೇ," ಎಂದಳು ಅವರ ಕೈಯನ್ನು ಬಿಡದೆ, "ಬಾ ಅಂತ ಒಂದು ಮಾತು ಹೇಳಿ ಸಾಕು. ಅಂಗಿ ಪಾಪ, ಏನು ಮಾಡಿತ್ತು?"

ಅವರು ಕಿಟಕಿಯಿಂದ ಕಣ್ಣು ಕಿತ್ತು ಅವಳನ್ನು ನೋಡಿದರು.

"ಬಾ," ಎಂದರು.